ಒಂದು ಗುಂಟೆ ಎಂದರೆ ಎಷ್ಟು?

ಕಳೆದ ಜೂನ್ ತಿಂಗಳಲ್ಲಿ ನನ್ನ ಅಣ್ಣ ಊರಿನಿಂದ ವಾಟ್ಸಾಪಿನಲ್ಲಿ ಎರಡು ಕಾಗದಗಳ ಚಿತ್ರ ಕಳುಹಿಸಿದ. ಒಂದು, ತಿಪಟೂರಿನ ಬಳಿಯ ನಮ್ಮ ಹೊಲದ ಪಹಣಿ. ಇನ್ನೊಂದು, ವಕೀಲರು ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರದ ಕರಡು. ಅಪ್ಪನಿಗೆ ವಯಸ್ಸಾಗಿದೆ. ತಾವಿರುವಾಗಲೇ ಆ ಹೊಲವೊಂದನ್ನು ಮೂವರು ಮಕ್ಕಳ ನಡುವೆ ಇತ್ಯರ್ಥ ಮಾಡಿಬಿಡಬೇಕೆಂಬುದು ಅವರ ಇಚ್ಛೆ. 'ನೀನು ಇವತ್ತು ಚೆನ್ನೈ, ನಾಳೆ ಇನ್ನೆಲ್ಲಿಗೆ ವರ್ಗವೋ. ಆ ಹೊಲ ಇಟ್ಟುಕೊಂಡು ಏನು ಮಾಡುತ್ತೀಯ, ಒಂದು ಸಹಿ ಹಾಕಿಬಿಡು' ಎಂಬುದು ಅಣ್ಣನ ಸಲಹೆ. ಆ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಇಪ್ಪತ್ತು ವರ್ಷ ಊರೂರು ಅಲೆದವಳಿಗೆ ಅದು ಸಹಜವಾಗಿಯೇ ಕೇಳಿಸಿತು.

ಎಂಟನೆಯ ತರಗತಿಯ ನನ್ನ ಮಗ ಹೆಗಲ ಮೇಲಿಂದ ಇಣುಕಿ ಪಹಣಿಯನ್ನು ನೋಡಿದ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಇಡೀ ಹಾಳೆಯಲ್ಲಿ ಅವನು ಓದಬಲ್ಲದ್ದು ಅಂಕಿಗಳನ್ನು ಮಾತ್ರ. ವಿಸ್ತೀರ್ಣದ ಕಾಲಂನಲ್ಲಿದ್ದ 2.17 ಅವನ ಕಣ್ಣಿಗೆ ಬಿತ್ತು. ಎಕರೆಗೆ 43,560 ಚದರ ಅಡಿ ಎಂಬುದು ಎಲ್ಲಿಯೋ ಓದಿ ಗೊತ್ತಿತ್ತು. ಗುಣಿಸಿ, 'ತೊಂಬತ್ತನಾಲ್ಕು ಸಾವಿರದ ಐನೂರ ಇಪ್ಪತ್ತೈದು ಚದರ ಅಡಿ ಅಮ್ಮ, ಅಷ್ಟೇ' ಎಂದ.

ಅಷ್ಟೇ ಅಲ್ಲ. ಪಹಣಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದು ಎರಡು ಎಕರೆ, ಹದಿನೇಳು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಒಟ್ಟು 97 ಗುಂಟೆ. ಒಂದೊಂದಕ್ಕೆ 1,089 ಚದರ ಅಡಿಯಂತೆ 1,05,633. ಚುಕ್ಕೆಯನ್ನು ತಪ್ಪಾಗಿ ಓದಿದ್ದಕ್ಕೆ ಹತ್ತು ಗುಂಟೆಗೂ ಹೆಚ್ಚು ನೆಲ, ಅಂದರೆ ಸುಮಾರು ಕಾಲು ಎಕರೆ, ನಮ್ಮ ಊಟದ ಮೇಜಿನ ಮೇಲೆಯೇ ಮಾಯವಾಗಿತ್ತು. ಇದನ್ನು ವಿವರಿಸಿದ್ದೇ ತಡ, ಅವನು ಕೇಳಿದ: 'ಅದೇನು 1,089? ಸಾವಿರ ಅಂತ ಇಟ್ಕೋಬಹುದಿತ್ತಲ್ಲ?'

ಹೊಲವಿದ್ದ ಮನೆಯಲ್ಲಿ ಹುಟ್ಟಿದ, ಇಂಗ್ಲಿಷ್ ಎಂ.ಎ. ಮಾಡಿದ ನನ್ನಲ್ಲಿ ಉತ್ತರವಿರಲಿಲ್ಲ. ಭಾನುವಾರ ಗ್ರಂಥಾಲಯಕ್ಕೆ ಹೋಗಿ ನೋಡೋಣ ಎಂದೆ. ಆ ಭಾನುವಾರದ ಮತ್ತು ಮುಂದಿನ ಕೆಲವು ಭಾನುವಾರಗಳ ಅನುಭವದಿಂದ ನನ್ನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವನ್ನು ಹೇಳಲು ಈ ಬರಹ. ಹದಿಮೂರರ ಮಗುವನ್ನು ಗ್ರಂಥಾಲಯಕ್ಕೆ ಕರೆದೊಯ್ಯುವವರು ವಿಷಯಗಳ ಪಟ್ಟಿಯನ್ನು ಮನೆಯಲ್ಲಿಯೇ ಬಿಟ್ಟು, ಮಗುವಿನದೇ ಆದ ಒಂದು ಪ್ರಶ್ನೆಯನ್ನು ಮಾತ್ರ ಜೊತೆಗೆ ಒಯ್ಯಬೇಕು. ಆ ಪ್ರಶ್ನೆಗೆ ಉತ್ತರ ಹೆತ್ತವರಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಇದು ನನಗೆ ಮೊದಲೇ ತಿಳಿದಿದ್ದ ವಿವೇಕವಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಇದೇ ಮಗನನ್ನು ಇದೇ ಊರಿನ ಗ್ರಂಥಾಲಯಕ್ಕೆ ಕರೆದೊಯ್ದಾಗ ನಾನೊಂದು ನಮೂನೆ ತಯಾರಿಸಿಕೊಂಡು ಹೋಗಿದ್ದೆ. ಕಚೇರಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ! ಕ್ರಮಸಂಖ್ಯೆ, ವಿಷಯ, ಪುಸ್ತಕದ ಹೆಸರು, ಲೇಖಕರು, ಕಲಿತದ್ದೇನು ಎಂದು ಐದು ಕಾಲಂ. ಗಣಿತಕ್ಕೊಂದು, ವಿಜ್ಞಾನಕ್ಕೊಂದು, ಇತಿಹಾಸಕ್ಕೊಂದು, ಭಾಷೆಗೊಂದು ಪುಸ್ತಕ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಕಾಲಂಗಳನ್ನೂ ತುಂಬಿ ತಂದುಕೊಟ್ಟು 'ಕ್ಯಾಂಟೀನ್‌ಗೆ ಹೋಗೋಣ್ವಾ?' ಎಂದ. ಪ್ರತಿಯೊಂದನ್ನೂ ಪುಸ್ತಕದ ಹಿಂದಿನ ರಕ್ಷಾಪುಟದಿಂದ ಇಳಿಸಿಕೊಂಡಿದ್ದ. ಅವನನ್ನು ಬೈಯುವ ನೈತಿಕ ಹಕ್ಕು ನನಗಿರಲಿಲ್ಲ. ಮೇಲಿನ ಕಚೇರಿ ಕೇಳಿದ ತ್ರೈಮಾಸಿಕ ತಖ್ತೆಗಳನ್ನು ನಾವು ತುಂಬುವುದೂ ಹೆಚ್ಚು ಕಡಿಮೆ ಹೀಗೆಯೇ.

ಶಾಲೆಗಳಲ್ಲಿ ಇಂದು 'ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ನಡೆಯುತ್ತಿರುವುದೂ ಬಹುಪಾಲು ಇದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ವಿಜ್ಞಾನಗಳ ನಡುವೆ ಗಟ್ಟಿ ಗೋಡೆಗಳಿರಬಾರದು ಎಂದು ಹೇಳುತ್ತದೆ. ಆಶಯ ಸರಿಯಾದುದೇ. ಆದರೆ ಅದು ಮನೆಗೆ ತಲುಪುವ ಹೊತ್ತಿಗೆ ಥರ್ಮಾಕೋಲ್ ಹಲಗೆಯಾಗಿ, ಬಣ್ಣದ ಕಾಗದವಾಗಿ, ರಾತ್ರಿ ಹತ್ತು ಗಂಟೆಗೆ ಅಂಟು ಹುಡುಕುವ ತಾಯಿಯಾಗಿ ಮಾರ್ಪಟ್ಟಿರುತ್ತದೆ. ಒಂದೇ ಹಲಗೆಯ ಮೇಲೆ ನಾಲ್ಕು ವಿಷಯಗಳನ್ನು ಅಂಟಿಸಿದ ಮಾತ್ರಕ್ಕೆ ಅವು ಒಂದಕ್ಕೊಂದು ಮಾತನಾಡುವುದಿಲ್ಲ.

ಇರಲಿ, ಗುಂಟೆಗೆ ಬರುತ್ತೇನೆ. ಕೋಟ್ಟೂರ್‌ಪುರದ ಅಣ್ಣಾ ಜನ್ಮಶತಾಬ್ದಿ ಗ್ರಂಥಾಲಯ 2010ರಲ್ಲಿ ತೆರೆದದ್ದು, ಬಹುಮಹಡಿಯ ಕಟ್ಟಡ. ಹದಿಮೂರು ವಿಚಿತ್ರ ವಯಸ್ಸು. ಮಕ್ಕಳ ವಿಭಾಗದ ಪುಟ್ಟ ಕುರ್ಚಿಗಳನ್ನು ನೋಡಿದರೆ ಅವಮಾನ, ಮೇಲಿನ ಮಹಡಿಗಳ ಗಂಭೀರ ಪರೀಕ್ಷಾರ್ಥಿಗಳನ್ನು ನೋಡಿದರೆ ಅಳುಕು. ಕೈಯಲ್ಲೊಂದು ಪ್ರಶ್ನೆ ಇದ್ದುದರಿಂದ ಅಂದು ಅವನು ಅಳುಕದೆ ಮೇಲೆ ಹತ್ತಿದ.

ಭೂಮಾಪನದ ಪುಸ್ತಕವೊಂದರಲ್ಲಿ ಮೊದಲ ಎಳೆ ಸಿಕ್ಕಿತು. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ 1620ರ ಸುಮಾರಿಗೆ ಭೂಮಾಪನಕ್ಕೊಂದು ಸರಪಳಿಯನ್ನು ರೂಪಿಸಿದ. ಉದ್ದ 66 ಅಡಿ, ಕೊಂಡಿಗಳು ನೂರು. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. ಮಗ ಪೆನ್ಸಿಲ್ ಹಿಡಿದು ಕೂತ. 1,089ರ ವರ್ಗಮೂಲ 33. ಅರವತ್ತಾರರ ಅರ್ಧ 33! ನಮ್ಮ ಗುಂಟೆಯೆಂದರೆ ಅರ್ಧ ಸರಪಳಿ ಉದ್ದ, ಅರ್ಧ ಸರಪಳಿ ಅಗಲದ ಚೌಕ. ವರ್ಗಮೂಲವನ್ನು ಅವನು ಶಾಲೆಯಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು, ಮರೆತೂ ಬಿಟ್ಟಿದ್ದ. ತಾತನ ಹೊಲದಲ್ಲಿ ಅದು ಮಲಗಿರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. (ಹೈದರಾಬಾದಿನ ಓದುಗರಿಗೆ ಗುಂಟೆಯೆಂದರೆ 121 ಚದರ ಗಜ. ಅದು ಹನ್ನೊಂದರ ವರ್ಗ, ಏಕೆಂದರೆ 33 ಅಡಿಗೆ ಹನ್ನೊಂದು ಗಜ. ಪುಣೆ, ಮುಂಬಯಿಗಳವರಿಗೆ ಇದೇ ಗುಂಠಾ. ನಮ್ಮ ಚೆನ್ನೈಯ ಲೆಕ್ಕದಲ್ಲಿ ಎರಡೂವರೆ ಸೆಂಟ್.)

ಇಲ್ಲಿಂದ ಪ್ರಶ್ನೆ ಕವಲೊಡೆಯಿತು. ಸರಪಳಿ ಬಿಸಿಲಿಗೆ ಹಿಗ್ಗುವುದಿಲ್ಲವೇ ಎಂದು ಕೇಳಿದವನು ಅವನೇ. ಜೂನ್ ತಿಂಗಳ ಚೆನ್ನೈಯಲ್ಲಿ ಕೂತವನಿಗೆ ಆ ಅನುಮಾನ ಬರದೇ ಇದ್ದೀತೆ! ಅದೇ ಅನುಮಾನ ಇದೇ ಊರಿನಲ್ಲಿ ಇನ್ನೂರು ವರ್ಷಗಳ ಹಿಂದೆ ಇನ್ನೊಬ್ಬನಿಗೆ ಬಂದಿತ್ತು. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿ ಬ್ರಿಟಿಷ್ ಪಡೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆದ. ಮುಂದೆ ಹಿಮಾಲಯದವರೆಗೆ ಹಬ್ಬಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದೇ ಮೊದಲು. ಜಾನ್ ಕೀ ಅವರ 'ದ ಗ್ರೇಟ್ ಆರ್ಕ್' ಈ ಕಥೆಯನ್ನು ಸೊಗಸಾಗಿ ಹೇಳುತ್ತದೆ. ಲ್ಯಾಂಬ್ಟನ್ನನ ಉಕ್ಕಿನ ಸರಪಳಿ ನೂರು ಅಡಿಯದು. ಅದನ್ನು ನೆರಳಿನಲ್ಲಿಟ್ಟು, ಪಕ್ಕದಲ್ಲಿ ಉಷ್ಣಮಾಪಕವಿಟ್ಟು, ಸುಮಾರು ನಾನೂರು ಬಾರಿ ಹಾಸಿ ಅಳೆಯಬೇಕಾಯಿತು.

ಎಷ್ಟು ಹಿಗ್ಗೀತು? ಅದಕ್ಕೆ ಭೌತಶಾಸ್ತ್ರದ ಕಪಾಟಿಗೆ ಹೋಗಬೇಕಾಯಿತು. ಉಕ್ಕು ಒಂದು ಸೆಲ್ಸಿಯಸ್ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಭಾಗ ಹಿಗ್ಗುತ್ತದೆ. ನೂರು ಅಡಿಗೆ ಅದು ಒಂದು ಅಂಗುಲದ ಎಪ್ಪತ್ತನೆಯ ಒಂದು ಭಾಗ. ಏನೂ ಅಲ್ಲ ಎನ್ನಿಸುವಷ್ಟು. ಆದರೆ ನಾನೂರು ಬಾರಿ ಹಾಸಿದಾಗ ಒಂದೇ ಡಿಗ್ರಿಯ ತಪ್ಪು ಸುಮಾರು ಆರು ಅಂಗುಲವಾಗುತ್ತದೆ. ಮುಂಜಾನೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ? ಈ ಲೆಕ್ಕ ಯಾವ ಪುಸ್ತಕದಲ್ಲಿಯೂ ಸಿದ್ಧವಾಗಿರಲಿಲ್ಲ. ಎರಡು ಮಹಡಿಗಳ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲಿಟ್ಟುಕೊಂಡಾಗ ಹುಟ್ಟಿತು. ಗ್ರಂಥಾಲಯವು ಫೋನಿಗಿಂತ ಬೇರೆಯಾಗುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಒಂದು ಗುಂಟೆಗೆ ಎಷ್ಟು ಚದರ ಅಡಿ ಎಂದು ಫೋನು ಕ್ಷಣದಲ್ಲಿ ಹೇಳುತ್ತದೆ, ಕೇಳಿದವನು ಅಲ್ಲಿಗೇ ಸುಮ್ಮನಾಗುತ್ತಾನೆ.

ಲ್ಯಾಂಬ್ಟನ್ ಮದ್ರಾಸಿನಿಂದ ಪಶ್ಚಿಮಕ್ಕೆ ತ್ರಿಕೋನಗಳನ್ನು ಹೆಣೆಯುತ್ತಾ ಹೋಗಿ, ತನ್ನ ಲೆಕ್ಕ ಸರಿಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದ. ಲೆಕ್ಕಕ್ಕೂ ನೆಲಕ್ಕೂ ಕೆಲವೇ ಅಂಗುಲಗಳ ಅಂತರ ಬಂತು. ಅಲ್ಲಿಂದ ಮಂಗಳೂರಿನ ಕಡಲನ್ನು ಮುಟ್ಟಿದಾಗ ಪರ್ಯಾಯದ್ವೀಪದ ಅಗಲ ಹಳೆಯ ನಕ್ಷೆಗಳಲ್ಲಿದ್ದ 400 ಮೈಲಿಯಲ್ಲ, 360 ಎಂದು ತಿಳಿಯಿತು. ಪ್ರತಿ ಬೇಸಿಗೆಗೂ ರೈಲಿನಲ್ಲಿ ನಾವು ಹೋಗುವ ದಾರಿಯ ಮೊದಲ ಭಾಗವಿದು ಎಂದಾಗ ಅವನು ಭೂಪಟವನ್ನು ಬಹಳ ಹೊತ್ತು ನೋಡಿದ.

ಗ್ರಂಥಾಲಯದ ವರ್ಗೀಕರಣವನ್ನು ನಾವು ಸಾಮಾನ್ಯವಾಗಿ ಪುಸ್ತಕ ಹುಡುಕುವ ಸೌಕರ್ಯವೆಂದು ಮಾತ್ರ ನೋಡುತ್ತೇವೆ. ಡ್ಯೂಯಿ ಪದ್ಧತಿಯಲ್ಲಿ ಭೂಮಾಪನಕ್ಕೆ 526.9, ಶಾಖಕ್ಕೆ 536, ಭೂಮಿಯ ಅರ್ಥಶಾಸ್ತ್ರಕ್ಕೆ 333, ಆಸ್ತಿಯ ಕಾನೂನಿಗೆ 346, ಭಾರತದ ಇತಿಹಾಸಕ್ಕೆ 954, ಕನ್ನಡ ಭಾಷೆಗೆ 494.814. ಒಂದು ಗುಂಟೆ ನೆಲ ಇಷ್ಟು ಕಡೆ ಹಂಚಿಹೋಗಿದೆ. ಜ್ಞಾನವನ್ನು ವಿಷಯಗಳಾಗಿ ಕತ್ತರಿಸದೆ ಕಪಾಟಿನಲ್ಲಿಡಲು ಬರುವುದಿಲ್ಲ, ಅದು ಗ್ರಂಥಪಾಲಕರ ಅನಿವಾರ್ಯತೆ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದು ಓದುಗನ ಕಾಲುಗಳ ಕೆಲಸ. ಈ ಊರಿನಲ್ಲೇ ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದ ಎಸ್. ಆರ್. ರಂಗನಾಥನ್ ಇದನ್ನು ಚೆನ್ನಾಗಿ ಬಲ್ಲವರು. ಒಂದು ಪುಸ್ತಕ ಹಲವು ಮುಖಗಳಿಂದ ಹಲವು ವಿಷಯಗಳಿಗೆ ಸೇರುತ್ತದೆಂಬ ಅರಿವಿನ ಮೇಲೆಯೇ ತಮ್ಮ ಕೋಲನ್ ವರ್ಗೀಕರಣವನ್ನು ಕಟ್ಟಿದರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದರೊಡನೆ ಮಾತ್ರ ನನಗೆ ಸಣ್ಣ ಜಗಳವಿದೆ. ಓದುಗನ ಸಮಯ ಉಳಿಸಬೇಕೆನ್ನುತ್ತದೆ ಅದು. ಸಂಶೋಧಕನಿಗೆ ಸರಿ. ಹದಿಮೂರರ ಹುಡುಗನ ಸಮಯ ಕಪಾಟುಗಳ ನಡುವೆ ಸ್ವಲ್ಪ ಕಳೆದುಹೋಗಲಿ.

ಇನ್ನು ಕನ್ನಡದ ಮಾತು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದನ್ನು ನಾವು ಹೆಚ್ಚಾಗಿ ಋಣ ತೀರಿಸುವ ಧಾಟಿಯಲ್ಲಿ ಮಾಡುತ್ತೇವೆ. ರಾಜ್ಯೋತ್ಸವಕ್ಕೊಂದು ಭಾವಗೀತೆ, ರಜೆಗೊಂದು ಕಾಪಿ ಪುಸ್ತಕ. ನನ್ನ ಮಗನ ಕಾಪಿ ಪುಸ್ತಕ 'ಈ'ಕಾರದಲ್ಲಿ ನಿಂತು ಐದು ವರ್ಷವಾಗಿತ್ತು. ಅದು ಮುಂದುವರಿದದ್ದು ಒಂದು ಪದದ ದೆಸೆಯಿಂದ. ಗುಂಟೆಯ ಲೆಕ್ಕವನ್ನು ಫೋನಿನಲ್ಲಿ ತಾತನಿಗೆ ಒಪ್ಪಿಸಿದಾಗ ಅವರು ನಕ್ಕು, 'ಅದು ಸರ್ವೇಯವರ ಲೆಕ್ಕ ಮಗ. ನಮ್ಮಪ್ಪ ಆ ಹೊಲಾನ ಇಷ್ಟು ಕೊಳಗದ ಹೊಲ ಅಂತಲೇ ಅನ್ನೋರು' ಎಂದಿದ್ದರು. ಕೊಳಗ ಎಂದರೇನು? ಧಾನ್ಯ ಅಳೆಯುವ ಪಾತ್ರೆ. ಪಾತ್ರೆಯಿಂದ ಹೊಲವನ್ನು ಅಳೆಯುವುದು ಹೇಗೆ?

ಈ ಪ್ರಶ್ನೆ ನಮ್ಮನ್ನು ಎಗ್ಮೋರಿನ ಕನ್ನಿಮರಾ ಗ್ರಂಥಾಲಯಕ್ಕೆ ಒಯ್ದಿತು. 1896ರಲ್ಲಿ ತೆರೆದದ್ದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್‌ನ ಪ್ರವಾಸಕಥನ, ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಎರಡರಲ್ಲಿಯೂ ಆ ಲೆಕ್ಕವಿದೆ. ಇಂತಿಷ್ಟು ಬೀಜ ಬಿತ್ತಲು ಬೇಕಾಗುವಷ್ಟು ನೆಲಕ್ಕೆ ಆ ಬೀಜದ ಅಳತೆಯದೇ ಹೆಸರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹಾಗಾಗಿ ಒಂದು ಖಂಡುಗದ ಗದ್ದೆಗೂ ಒಂದು ಖಂಡುಗದ ಹೊಲಕ್ಕೂ ವಿಸ್ತೀರ್ಣ ಒಂದೇ ಅಲ್ಲ. ಮಗನಿಗೆ ಮೊದಲು ಇದು ಹುಚ್ಚುತನವೆನ್ನಿಸಿತು. 'ಏರಿಯಾ ಒಂದೇ ಇರಬೇಕಲ್ವಾ ಅಮ್ಮ?' ಎಂದು ವಾದಿಸಿದ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತಾನೇ, 'ಎಷ್ಟು ಅಗಲ ಇದೆ ಅನ್ನೋದಲ್ಲ, ಎಷ್ಟು ಬಿತ್ತಬಹುದು ಅನ್ನೋದನ್ನ ಅಳೀತಿದ್ರು' ಎಂದ. ಕಮಿಷನರ್ ಆಡಳಿತದ ಕಾಲದಲ್ಲಿ, 1860ರ ದಶಕದಲ್ಲಿ, ಮೈಸೂರಿನಲ್ಲಿ ಕಂದಾಯದ ಸರ್ವೆ ಆರಂಭವಾದ ಮೇಲೆ ಲೆಕ್ಕವೆಲ್ಲ ಎಕರೆ ಗುಂಟೆಗಳಿಗೆ ತಿರುಗಿತು. ಕಂದಾಯ ವಿಧಿಸುವವನಿಗೂ ಬಿತ್ತುವವನಿಗೂ ಬೇಕಾದ ಅಳತೆ ಬೇರೆ ಬೇರೆ ಎಂಬ ಈ ಪಾಠ ಸಮಾಜವಿಜ್ಞಾನದ್ದೋ, ಗಣಿತದ್ದೋ, ನನಗೆ ಹೇಳಲು ಬಾರದು.

ಬಳಿಕ ಕಿಟ್ಟೆಲ್ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. 'ಕೊಳಗ'ವನ್ನು ಅವನೇ ಹುಡುಕಬೇಕೆಂದು ಪದವನ್ನು ಕಾಗದದ ಮೇಲೆ ಬರೆದುಕೊಟ್ಟೆ. ಕ, ಖ, ಗ ಎಂಬ ಅನುಕ್ರಮ ಅವನಿಗೆ ಶಾಲೆಯ ಹಿಂದಿಯಿಂದ ಕರಗತ. ಆಕಾರ ಮಾತ್ರ ಹೊಸದು. 'ಳ'ದಲ್ಲಿ ಸಿಕ್ಕಿಕೊಂಡ. ಶಾಲೆಯ ಹಿಂದಿಯಲ್ಲಿ ಆ ಅಕ್ಷರವಿಲ್ಲ. ಆದರೆ ಚೆನ್ನೈಯ ಶಾಲೆಗಳ ಫಲಕಗಳ ಮೇಲಿನ 'ಪಳ್ಳಿ'ಯಲ್ಲಿ ಅದು ದಿನವೂ ಕಾಣುತ್ತದೆ. ಹಿಂದಿಯಿಂದ ಕ್ರಮ, ತಮಿಳಿನಿಂದ ಧ್ವನಿ, ಅದರ ನೆರವಿನಿಂದ ಕನ್ನಡದ ಪದ! ವರ್ಗಾವಣೆಯ ನೌಕರಿಯಿಂದ ಮಗನಿಗೆ ಭಾಷೆಗಳೆಲ್ಲ ಅರೆಬರೆಯಾದವೆಂದು ನಾನು ಕೊರಗುತ್ತಿದ್ದುದು ಆ ಮಧ್ಯಾಹ್ನ ಸ್ವಲ್ಪ ಹಗುರವಾಯಿತು. ಅವನು ಈಗ ಕನ್ನಡವನ್ನು ಸರಾಗವಾಗಿ ಓದುತ್ತಾನೆಂದು ಹೇಳಿದರೆ ಸುಳ್ಳಾಗುತ್ತದೆ. ಪಹಣಿಯನ್ನು ಬೆರಳಿಟ್ಟು ಓದುತ್ತಾನೆ. ಖರಾಬು, ಹಿಸ್ಸಾ, ಚೆಕ್ಕುಬಂದಿ ಇವು ಅವನು ಓದಿದ ಮೊದಲ ಕನ್ನಡ ಪದಗಳ ಪೈಕಿ. ಅರ್ಧಕ್ಕರ್ಧ ಫಾರಸಿ ಅರಬಿಗಳಿಂದ ಬಂದವು. ಯಾವ ಬಾಲಬೋಧೆಯೂ ಹೀಗೆ ಆರಂಭವಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. 1954ರ ಪುಸ್ತಕ ರವಾನೆ ಕಾಯಿದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಕಳುಹಿಸಬೇಕು. ಚೆನ್ನೈಯಲ್ಲಿ ಅದು ಕನ್ನಿಮರಾ, ಮುಂಬಯಿಯಲ್ಲಿ ಏಷಿಯಾಟಿಕ್ ಸೊಸೈಟಿ, ದೆಹಲಿಯಲ್ಲಿ ದೆಹಲಿ ಪಬ್ಲಿಕ್ ಲೈಬ್ರರಿ. ಎಂದರೆ ಗದುಗಿನಲ್ಲಿಯೋ ಮೈಸೂರಿನಲ್ಲಿಯೋ ಅಚ್ಚಾದ ಕನ್ನಡ ಪುಸ್ತಕಕ್ಕೆ ನಾವಿರುವ ಊರಿನಲ್ಲಿ ಕಾನೂನಿನ ಬಲದಿಂದಲೇ ಒಂದು ಮನೆಯಿದೆ. ನಮ್ಮ ಸಂಘಗಳ ಅಲಮಾರಿಗಳಲ್ಲಿ ಇರುವುದು ಬಹುಪಾಲು ಕಥೆ ಕಾದಂಬರಿ. ಅವು ಬೇಕು. ಆದರೆ ಮಗುವಿನ ಪ್ರಶ್ನೆ ಕೆರೆ, ಕಲ್ಲು, ರೋಗ, ಕಾನೂನು ಎಂದು ಎತ್ತೆತ್ತಲೋ ಹೋಗುತ್ತದೆ. ಅದಕ್ಕೆ ಉತ್ತರ ಕೊಡುವ ಕನ್ನಡ ಪುಸ್ತಕಗಳನ್ನು ಈ ದೊಡ್ಡ ಗ್ರಂಥಾಲಯಗಳಲ್ಲಿ ನಾವು ಕೇಳಬೇಕು. ವರ್ಷಗಟ್ಟಲೆ ಯಾರೂ ಕೇಳದ ಪುಸ್ತಕವನ್ನು ಉಗ್ರಾಣದಿಂದ ತರಿಸುವ ಆಸಕ್ತಿ ಯಾರಿಗೆ ತಾನೇ ಇದ್ದೀತು?

ಪ್ರತಿ ಭಾನುವಾರವೂ ಹೀಗೆ ನಡೆಯಿತೆಂದು ಯಾರೂ ತಿಳಿಯಬಾರದು. ಎರಡು ಬಾರಿ ಕ್ರಿಕೆಟ್ ಪಂದ್ಯ ಗೆದ್ದಿತು. ಒಂದು ಬಾರಿ ಅವನು ಮೂರು ಗಂಟೆ ಕಾಮಿಕ್ಸ್ ಓದಿದ, ನಾನು ತಡೆಯಲಿಲ್ಲ. ತಡೆಯಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು. ಹೆತ್ತವರಿಗೆ ಅತ್ಯಂತ ಕಷ್ಟದ ಕೆಲಸ ಇದೇ. ಪುಸ್ತಕ ತೋರಿಸುವುದು ಸುಲಭ, ತೋರಿಸದೆ ಪಕ್ಕದಲ್ಲಿ ಕೂತಿರುವುದು ಕಷ್ಟ. ಅದರಲ್ಲೂ ಅರ್ಧ ಉತ್ತರ ಗೊತ್ತಿರುವಾಗ.

ಕಾನೂನಿನ ಕಪಾಟಿಗೆ ಅವನು ಹೋದದ್ದು ಕೊನೆಯಲ್ಲಿ, ನಾನು ಹೇಳದೆ. 97 ಗುಂಟೆಯನ್ನು ಮೂರರಿಂದ ಭಾಗಿಸಿ 32 ಗುಂಟೆ, ಐದೂ ಚಿಲ್ಲರೆ ಆಣೆ ಎಂದು ಬರೆದುಕೊಂಡಿದ್ದ. ಗುಂಟೆಗೆ ಹದಿನಾರು ಆಣೆಯಾದ್ದರಿಂದ ಮತ್ತೆ ದಶಮಾಂಶ ಕೈಕೊಟ್ಟಿತ್ತು, ಈ ಸಲ ತಾನೇ ತಿದ್ದಿಕೊಂಡಿದ್ದ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬ ತಿದ್ದುಪಡಿ ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ತಮಿಳುನಾಡು 1989ರಲ್ಲಿಯೇ, ಕರ್ನಾಟಕ 1994ರಲ್ಲಿ ತಮ್ಮ ತಮ್ಮ ತಿದ್ದುಪಡಿಗಳನ್ನು ಜಾರಿಗೆ ತಂದಿದ್ದವು. ಇದನ್ನೆಲ್ಲ ಓದಿಕೊಂಡು ಬಂದು, ವಾಚನಾಲಯದ ಮೌನದಲ್ಲಿ ತಗ್ಗಿದ ದನಿಯಲ್ಲಿ ಕೇಳಿದ: 'ಅಮ್ಮ, ಇದು ನಿಂದೂ ಅಲ್ವಾ? ಮತ್ಯಾಕೆ ಸೈನ್ ಮಾಡ್ತೀಯ?'

ಗ್ರಂಥಾಲಯಕ್ಕೆ ಪ್ರಶ್ನೆ ಒಯ್ಯಬೇಕೆಂದು ನಾನೇ ಹೇಳಿದ್ದೆ. ಅಲ್ಲಿಂದ ಇಂಥದೊಂದನ್ನು ಹೊತ್ತು ತರಬೇಕಾದೀತೆಂದು ಯೋಚಿಸಿರಲಿಲ್ಲ. ಅಣ್ಣನ ಮೇಲೆ ನನಗೆ ಪ್ರೀತಿಯಿದೆ. ಆ ಹೊಲವನ್ನು ಇಷ್ಟು ವರ್ಷ ಉತ್ತು ಬಿತ್ತಿ ಕಾದವನು ಅವನೇ. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಇದನ್ನೂ ಮಗನಿಗೆ ಹೇಳಿದೆ. ಅವನು ತಲೆಯಾಡಿಸಿದ, ಒಪ್ಪಿದನೆಂದು ಅನ್ನಿಸಲಿಲ್ಲ.

ಬಿಡುಗಡೆ ಪತ್ರದ ಕರಡು ಇನ್ನೂ ನನ್ನ ಕೈಚೀಲದಲ್ಲಿಯೇ ಇದೆ. ದಸರಾ ರಜೆಗೆ ಊರಿಗೆ ಬಂದಾಗ ಎದುರಿಗೆ ಕೂತು ಮಾತನಾಡೋಣ ಎಂದು ಅಣ್ಣನಿಗೆ ತಿಳಿಸಿದ್ದೇನೆ, ಆಗಲಿ ಎಂದಿದ್ದಾನೆ. ಮಗ ಕ್ವಾರ್ಟರ್ಸ್‌ನ ತಾರಸಿಯ ಮೇಲೆ ಟೇಪು ಹಿಡಿದು ಅಳೆದು, ಮೂವತ್ತಮೂರು ಅಡಿಯ ನೈಲಾನ್ ಹಗ್ಗವೊಂದನ್ನು ಕತ್ತರಿಸಿ, ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಾನೆ. ಬಾಂದು ಕಲ್ಲುಗಳನ್ನು ತೋರಿಸುವುದಾಗಿ ತಾತ ಒಪ್ಪಿಕೊಂಡಿದ್ದಾರಂತೆ.